ಹಸಿರು ಶಾಲಿನ ಅಭ್ಯರ್ಥಿಗೆ ನಾವು ಕೇಳಬೇಕಾದ ಪ್ರಶ್ನೆಗಳು

(ಪಾಡ್‌ಕಾಸ್ಟ್‌ನ ಬರಹ ರೂಪ)

ಚುನಾವಣೆ ಬಂದಾಗ ಹಳ್ಳಿ ಕಡೆ ಹಸಿರು ಶಾಲು ಹೊದ್ದು ಮತ ಕೇಳೋ ಅಭ್ಯರ್ಥಿಗಳನ್ನ ನೀವು ನೋಡಿರ್ತೀರಿ. ಬೆಳೆಗೆ ಬೆಲೆ, ಪಂಪ್‌ಸೆಟ್‌ಗೆ ಕರೆಂಟ್, ಭೂಮಿ ಉಳಿಸೋದು ಅಂತ ಮಾತಾಡ್ತಾರೆ. ಇದರಲ್ಲಿ ಒಬ್ಬ ಶಾಸಕನ ಕೈಲಿ ಆಗೋದೇನು, ಆಗದೇ ಇರೋದೇನು? ಇವತ್ತು ಅದನ್ನೇ ಬಿಡಿಸಿ ನೋಡೋಣ.

ರೈತರು ವಿಧಾನಸಭೆಗೆ ಹೋಗಿದ್ದು ಹೊಸದೇನಲ್ಲ. 1980ರ ನರಗುಂದ–ನವಲಗುಂದ ಬಂಡಾಯದ ಕಾವಲ್ಲೇ ರಾಜ್ಯ ರೈತ ಸಂಘ ಹುಟ್ಟಿತು. 1989ರಲ್ಲಿ ಬಾಬಾಗೌಡ ಪಾಟೀಲರು ಎರಡು ಕ್ಷೇತ್ರ ಗೆದ್ದರು. ಮಂಡ್ಯ ಜಿಲ್ಲೆಯಲ್ಲಿ ಕೆ.ಎಸ್. ಪುಟ್ಟಣ್ಣಯ್ಯ 1994ರಲ್ಲಿ ಪಾಂಡವಪುರದಿಂದ, 2013ರಲ್ಲಿ ಮೇಲುಕೋಟೆಯಿಂದ ಆರಿಸಿ ಬಂದರು. 2018ರಲ್ಲಿ ಅವರು ತೀರಿಕೊಂಡರು. 2023ರಲ್ಲಿ ಅವರ ಮಗ ದರ್ಶನ್ ಪುಟ್ಟಣ್ಣಯ್ಯ ಸರ್ವೋದಯ ಕರ್ನಾಟಕ ಪಕ್ಷದಿಂದ ನಿಂತು, ಕಾಂಗ್ರೆಸ್ ಬೆಂಬಲದೊಂದಿಗೆ ಅದೇ ಮೇಲುಕೋಟೆ ಗೆದ್ದರು. ಆದರೆ ಸದನದಲ್ಲಿ 224 ಸ್ಥಾನ. ಅಲ್ಲಿ ಒಬ್ಬರು ಏನು ಮಾಡಬಹುದು?

ಮೊದಲು ಕಬ್ಬಿನ ಬೆಲೆ ತಗೊಳ್ಳಿ. ಎಫ್‌ಆರ್‌ಪಿ ನಿಗದಿ ಮಾಡೋದು ಕೇಂದ್ರ ಸರ್ಕಾರ. 2025–26ರ ಹಂಗಾಮಿಗೆ ಅದು ಕ್ವಿಂಟಾಲ್‌ಗೆ 355 ರೂಪಾಯಿ, ಅಂದರೆ ಟನ್‌ಗೆ 3,550. ಅದೂ ಸಕ್ಕರೆ ಇಳುವರಿ ಶೇ 10.25 ಇದ್ದರೆ. ಇದು ಕಾರ್ಖಾನೆ ಬಾಗಿಲಿನ ಬೆಲೆ. ಕಟಾವು, ಸಾಗಣೆ ಖರ್ಚು ಕಳೆದು ಉಳಿದದ್ದು ರೈತನಿಗೆ. ಹಾಗಾಗಿ "ನಾನು ಗೆದ್ದರೆ ಎಫ್‌ಆರ್‌ಪಿ ಏರಿಸ್ತೀನಿ" ಅನ್ನೋ ಶಾಸಕ ಅಭ್ಯರ್ಥಿ ತನ್ನ ಕೈಲಿಲ್ಲದ್ದನ್ನ ಕೊಡ್ತೀನಿ ಅಂತಿದ್ದಾನೆ.

ಹಾಗಂತ ರಾಜ್ಯದ ಕೈ ಖಾಲಿ ಏನಲ್ಲ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಕೊಟ್ಟ 14 ದಿನದೊಳಗೆ ದುಡ್ಡು ಕೊಡಬೇಕು. ತಡವಾದರೆ ಶೇ 15 ಬಡ್ಡಿ. ಬಾಕಿಯನ್ನ ಭೂಕಂದಾಯದ ಬಾಕಿ ತರಹ ವಸೂಲಿ ಮಾಡಬಹುದು. ನಮ್ಮ ಸಂಬಂಧಿಕರೊಬ್ಬರಿಗೆ ಒಂದು ಕಾರ್ಖಾನೆ ಎರಡು ತಿಂಗಳ ಮೇಲೆ ದುಡ್ಡು ಕೊಟ್ಟಿತ್ತು, ಬಡ್ಡಿ ಮಾತ್ರ ಕೊಡಲೇ ಇಲ್ಲ. ಮಗಳ ಕಾಲೇಜು ಫೀಸಿಗೆ ಅವರು ಹೊರಗಡೆ ಸಾಲ ಮಾಡಿದ್ದರು, ಅದಕ್ಕೆ ಬಡ್ಡಿ ಕಟ್ಟಿದ್ದು ಅವರೇ. ಈ ವಸೂಲಿ ಆಗೋದು ಜಿಲ್ಲಾಧಿಕಾರಿ ಕಚೇರಿಯಿಂದ. ಅಲ್ಲಿ ಫೈಲು ಓಡಿಸೋಕೆ, ತೂಕದ ಸೇತುವೆ ಪರೀಕ್ಷೆ ಮಾಡಿಸೋಕೆ, ಇಳುವರಿ ಲೆಕ್ಕ ಬಹಿರಂಗ ಮಾಡಿಸೋಕೆ ಶಾಸಕನ ಒತ್ತಡ ಬೇಕೇ ಬೇಕು.

ಎರಡನೇದು ಕರೆಂಟ್. 10 ಎಚ್‌ಪಿವರೆಗಿನ ನೀರಾವರಿ ಪಂಪ್‌ಸೆಟ್‌ಗೆ ಉಚಿತ ಅಂತ ಎಲ್ಲಾ ಪಕ್ಷದವರೂ ಒಪ್ತಾರೆ. ಅದರ ದುಡ್ಡನ್ನ ರಾಜ್ಯ ಸರ್ಕಾರ ಎಸ್ಕಾಂಗಳಿಗೆ ಸಬ್ಸಿಡಿಯಾಗಿ ತುಂಬಿಕೊಡುತ್ತೆ. ರೈತನ ಸಂಕಟ ಬೇರೆ ಇದೆ. ತ್ರೀಫೇಸ್ ಬರೋದು ಯಾವಾಗ? ನಡುರಾತ್ರಿ ಬಂದರೆ ಹಾವು, ಚಿರತೆ ಭಯದಲ್ಲಿ ಬ್ಯಾಟರಿ ಹಿಡ್ಕೊಂಡು ಗದ್ದೆಗೆ ಹೋಗಬೇಕು. "ಉಚಿತ ಕೊಡ್ತೀರಾ?" ಅಂತ ಕೇಳೋದಕ್ಕಿಂತ "ಹಗಲು ಕೊಡಿಸ್ತೀರಾ? ನಮ್ಮ ಸಬ್‌ಸ್ಟೇಷನ್ ಸಾಮರ್ಥ್ಯ ಸಾಕಾ?" ಅಂತ ಕೇಳಿ.

ಮೂರನೇದು ಭೂಮಿ. ಇದು ಪೂರ್ತಿ ಸದನದ ವಿಷಯ. 1961ರ ಭೂಸುಧಾರಣಾ ಕಾಯ್ದೆಗೆ 2020ರಲ್ಲಿ ತಿದ್ದುಪಡಿ ತಂದು 79ಎ, 79ಬಿ ಕಲಂಗಳನ್ನ ತೆಗೆದರು. ಕೃಷಿಕರಲ್ಲದವರೂ ಜಮೀನು ಕೊಳ್ಳೋ ದಾರಿ ತೆರೀತು. ರೈತ ಸಂಘಟನೆಗಳು ಬೀದಿಗಿಳಿದು ವಿರೋಧಿಸಿದವು. ಈ ನಿಲುವಿಗೆ ನನ್ನ ಒಪ್ಪಿಗೆ ಇದೆ. ಆದರೆ ಊರಲ್ಲಿ ಇನ್ನೊಂದು ಮಾತೂ ಕೇಳಿಸುತ್ತೆ. "ಆಸ್ಪತ್ರೆ ಖರ್ಚಿಗೆ ಅರ್ಧ ಎಕರೆ ಮಾರಬೇಕು ಕಣಪ್ಪ, ಜಾಸ್ತಿ ಕೊಡೋರಿಗೆ ಮಾರಬಾರದಾ?" ಮಾರಬೇಡ ಅನ್ನೋ ಅಭ್ಯರ್ಥಿ, ಮಾರೋ ಪರಿಸ್ಥಿತಿ ಬರದಂತೆ ಏನು ಮಾಡ್ತೀನಿ ಅಂತಲೂ ಹೇಳಬೇಕು.

ಕೊನೇದಾಗಿ ಕೂಲಿ. ಇದರ ಬಗ್ಗೆ ವೇದಿಕೆ ಮೇಲೆ ಮಾತು ಕಡಿಮೆ. ಕಟಾವಿನ ಖರ್ಚು ರೈತನ ಲೆಕ್ಕದಲ್ಲೇ ಕಳೆಯೋದರಿಂದ, ಕಬ್ಬು ಕಡಿಯೋರ ಕೂಲಿ ಏರಿದರೆ ಬೆಳೆದವನ ಕೈಗೆ ಬರೋದು ಇಳಿಯುತ್ತೆ. ಕಡಿಯೋರಲ್ಲಿ ಎಷ್ಟೋ ಜನಕ್ಕೆ ಸ್ವಂತ ಗುಂಟೆ ಜಮೀನೂ ಇಲ್ಲ, ಅವರ ಹತ್ತಿರವೂ ಒಂದು ಮತ ಇದೆ. ರೈತರ ಅಭ್ಯರ್ಥಿ ಅವರಿಗೂ ಅಭ್ಯರ್ಥಿನಾ? ಹಸಿರು ಶಾಲಿನ ನಿಜವಾದ ಪರೀಕ್ಷೆ ಇಲ್ಲೇ ಇದೆ ಅನ್ಸುತ್ತೆ ನನಗೆ.

ಒಬ್ಬ ಶಾಸಕ ಸರ್ಕಾರ ನಡೆಸೋಕಾಗಲ್ಲ. ಪ್ರಶ್ನೆ ಕೇಳಬಹುದು, ಮಸೂದೆಗೆ ವಿರುದ್ಧ ಮತ ಹಾಕಬಹುದು, ಉತ್ತರವನ್ನ ದಾಖಲೆಗೆ ತರಬಹುದು. ಅದು ಸಣ್ಣ ಕೆಲಸ ಅಲ್ಲ. ಹಾಗಾಗಿ ನಿಮ್ಮೂರಿಗೆ ಮತ ಕೇಳೋಕೆ ಬಂದವರನ್ನ ಜಗಲಿ ಮೇಲೆ ಕೂರಿಸಿ, ಮಜ್ಜಿಗೆ ಕೊಟ್ಟು, ನಿಧಾನಕ್ಕೆ ಕೇಳಿ: ಬಾಕಿ ವಸೂಲಿಗೆ ಏನು ಮಾಡ್ತೀರಿ? ಕರೆಂಟ್ ಹಗಲು ಬರುತ್ತಾ? ಭೂಮಿ ಮಸೂದೆ ಬಂದರೆ ಕೈ ಎತ್ತೋದು ಯಾವ ಕಡೆ? ಕೂಲಿಯವರಿಗೆ ಏನು ಹೇಳ್ತೀರಿ? ಬೆಂಬಲ ಕೊಟ್ಟ ದೊಡ್ಡ ಪಕ್ಷ ಬೇರೆ ಮಾತು ಹೇಳಿದರೆ ಯಾರ ಮಾತು ಕೇಳ್ತೀರಿ?

ನಿಮ್ಮ ಕಡೆ ಏನು ಉತ್ತರ ಸಿಕ್ಕಿತು ಅಂತ ನಮಗೂ ಬರೆದು ತಿಳಿಸಿ.