ಕಡಲ ನಡುವಿನ ಉಕ್ಕಿಗೆ ಪೆಟ್ಟು ಬಿದ್ರೆ?

ಇವತ್ತು ಖಾಲಿ ಕೂಲ್‌ಡ್ರಿಂಕ್ಸ್ ಕ್ಯಾನ್ ಒಂದರಿಂದ ಶುರು ಮಾಡೋಣ.

ಕಾಪುವಿನ ನನ್ನ ಗೆಳೆಯ ಮುಂಬೈ ಹೈ ತೈಲ ಪ್ಲಾಟ್‌ಫಾರ್ಮ್‌ಗಳಲ್ಲಿ ಕೆಲಸ ಮಾಡ್ತಾನೆ. 2021ರ ಮೇ 17, ತೌಕ್ತೆ ಚಂಡಮಾರುತ ನೆನಪಿದೆಯಾ? ಕಾಪು–ಮೂಲ್ಕಿ ಕಡಲಲ್ಲಿ ಬಂಡೆಗೆ ಸಿಲುಕಿದ್ದ ಟಗ್‌ನಿಂದ 9 ಜನರನ್ನು ಕೋಸ್ಟ್ ಗಾರ್ಡ್, ನೌಕಾಪಡೆಯವರು ಉಳಿಸಿದ್ರು. ಅದೇ ದಿನ ಮುಂಬೈ ಹೈನಲ್ಲಿ ಪಿ-305 ಬಾರ್ಜ್ ಲಂಗರು ಕಳಚಿ, ಪ್ಲಾಟ್‌ಫಾರ್ಮ್ ಒಂದಕ್ಕೆ ಬಡಿದು ಮುಳುಗಿತು. ಗೆಳೆಯ ಆಗ ರಜೆಯಲ್ಲಿ ಊರಲ್ಲಿದ್ದ. ಅವನಮ್ಮ ಟಿವಿ ಆಫ್ ಮಾಡಿ ಕೂತಿದ್ರು.

ನಾನು ಕೇಳಿದೆ, "ಹಡಗು ಬಡಿದ ಪ್ಲಾಟ್‌ಫಾರ್ಮ್ ಮೇಲೆ ಮತ್ತೆ ನಿಲ್ಲೋದು ಹೇಗೆ ಮಾರಾಯ?"

ಅವನು ಖಾಲಿ ಕ್ಯಾನ್ ನೆಲಕ್ಕಿಟ್ಟು, ಒಂದೇ ಕಾಲಲ್ಲಿ ಮೆಲ್ಲ ಹತ್ತು ಅಂದ. ಹತ್ತಿದೆ, ಏನೂ ಆಗಲಿಲ್ಲ. ಪಕ್ಕಕ್ಕೆ ಬೆರಳಲ್ಲಿ ಸ್ವಲ್ಪ ಒತ್ತಿದ. ಅಷ್ಟೇ, ಕ್ಯಾನ್ ಅಪ್ಪಚ್ಚಿ!

ಪ್ಲಾಟ್‌ಫಾರ್ಮ್‌ನ ಕಾಲುಗಳು, ಅಡ್ಡಪಟ್ಟಿಗಳು ಕೂಡ ಒಳಗೆ ಟೊಳ್ಳಾದ ಉಕ್ಕಿನ ಕೊಳವೆಗಳೇ. ತಗ್ಗು ಬಿದ್ದಲ್ಲಿ ಭಾರ ನೇರವಾಗಿ ಇಳಿಯೋದಿಲ್ಲ, ಕೊಳವೆ ಬಾಗೋಕೆ ಶುರುವಾಗುತ್ತೆ. ನಾನು ಬಿಕಾಂ. ಡಿಪ್ರಿಸಿಯೇಷನ್ ಅಂದ್ರೆ ವರ್ಷಕ್ಕಿಷ್ಟು ಅಂತ ಸಮನಾಗಿ ಕಳೆಯೋದು ಗೊತ್ತು. ಉಕ್ಕಿನ ಶಕ್ತಿ ಹಾಗೆ ಲೆಕ್ಕ ಹಾಕಿ ಇಳಿಯೋದಿಲ್ಲ.

ಅದಕ್ಕೇ ಮೊದಲ ಕೆಲಸ ವೆಲ್ಡಿಂಗ್ ಅಲ್ಲ, ಅಳತೆ. ಮುಳುಗುಗಾರರು ಅಂಟಿದ ಚಿಪ್ಪು, ಪಾಚಿ ಕೆರೆದು ತೆಗೀತಾರೆ. ತಗ್ಗು ಎಷ್ಟು ಆಳ, ಕೊಳವೆ ಎಷ್ಟು ಬಾಗಿದೆ ಅಂತ ಅಳೀತಾರೆ. ಅಲ್ಟ್ರಾಸೌಂಡ್‌ನಿಂದ ಉಕ್ಕಿನ ದಪ್ಪ, ಕಾಂತೀಯ ಪರೀಕ್ಷೆಯಿಂದ ಕಣ್ಣಿಗೆ ಕಾಣದ ಬಿರುಕು ಹುಡುಕ್ತಾರೆ. ತುಕ್ಕಿನ ಕಾಟ ಹೆಚ್ಚಿರೋದು ಅಲೆ ಚಿಮ್ಮುವ ಜಾಗದಲ್ಲಿ: ಉಪ್ಪು, ನೀರು, ಗಾಳಿ ಮೂರೂ ಅಲ್ಲಿ ಸಿಗುತ್ತವೆ.

ರಿಪೇರಿ ಆಮೇಲೆ. ಕೊಳವೆಯೊಳಗೆ ಸಿಮೆಂಟ್ ಗ್ರೌಟ್ ತುಂಬಿದ್ರೆ ತಗ್ಗು ಇನ್ನಷ್ಟು ಒಳಗೆ ಹೋಗೋದಿಲ್ಲ. ಇಲ್ಲಾಂದ್ರೆ ಎರಡು ಹೋಳಿನ ಕ್ಲ್ಯಾಂಪ್ ಸುತ್ತಿ, ಬೋಲ್ಟ್ ಬಿಗಿದು, ನಡುವಿನ ಸಂದಿಗೆ ಗ್ರೌಟ್ ತುಂಬ್ತಾರೆ. ನೀರಲ್ಲೇ ವೆಲ್ಡ್ ಮಾಡಿದ್ರೆ ಅದು ಥಟ್ಟನೆ ತಣಿದು ಪೆಡಸಾಗಿ ಬಿರುಕು ಬಿಡಬಹುದು. ಕೆಲವೊಮ್ಮೆ ಲೆಕ್ಕ ಹಾಕಿ, ಆ ಪಟ್ಟಿಯೇ ಬೇಡ ಅಂತ ಕತ್ತರಿಸಿ ತೆಗೆಯೋದೂ ಉಂಟು.

ಮಳೆಗಾಲದ ಮೀನುಗಾರಿಕೆ ನಿಷೇಧದಲ್ಲಿ ಮಲ್ಪೆಗೆ ಹೋಗಿ ನೋಡಿ, ಸ್ಟೀಲ್ ಬೋಟ್‌ಗಳಿಗೆ ಪೇಂಟ್ ನಡೀತಿರುತ್ತೆ. ತುಕ್ಕು ಕೆರೆಯದೆ, ದಪ್ಪ ಅಳೆಯದೆ ಬಳಿದ್ರೆ ಅದು ನಮ್ಮ ಅಕೌಂಟ್ಸ್ ಭಾಷೆಯಲ್ಲಿ ವಿಂಡೋ ಡ್ರೆಸ್ಸಿಂಗ್. ಬ್ಯಾಲೆನ್ಸ್ ಶೀಟ್ ಚಂದ, ಒಳಗೆ ನಷ್ಟ.

ಗೆಳೆಯ ಮತ್ತೆ ಕೆಲಸಕ್ಕೆ ಹೊರಟ ದಿನ ಅವನಮ್ಮ ಕೇಳಿದ್ದು ಒಂದೇ: "ಸರಿಯಾಗಿ ನೋಡಿದ್ದಾರಲ್ವಾ?"

ಕಡಲಿಗೆ ಹೋಗುವವರು ನಿಮ್ಮ ಮನೆಯಲ್ಲೂ ಇದ್ರೆ, ನೀವೂ ಅದನ್ನೇ ಕೇಳಿ. ಮತ್ತೆ ಸಿಗೋಣ.