ಒಂದಕ್ಷರದ ಮೋಸ

2020ರ ಮಾರ್ಚ್ ಕೊನೆಗೆ, ಕೊರೊನಾ ಲಾಕ್‌ಡೌನ್ ನಡುವೆ ಪಿಎಂ ಕೇರ್ಸ್ ನಿಧಿ ಘೋಷಣೆಯಾಯಿತು. ಬೆನ್ನಲ್ಲೇ ನಕಲಿ ಯುಪಿಐ ವಿಳಾಸಗಳೂ ಹುಟ್ಟಿಕೊಂಡವು. ಅಸಲಿ ವಿಳಾಸದ ‘ಕೇರ್ಸ್’ನಿಂದ ಕೊನೆಯ ‘ಎಸ್’ ತೆಗೆದರೆ ಮುಗಿಯಿತು, ವಂಚಕರ ವಿಳಾಸ ಸಿದ್ಧ! ಕೊಡುವ ಅವಸರದಲ್ಲಿರುವವರಿಗೆ ಒಂದಕ್ಷರ ಕಂಡೀತೇ?

ಈಗಲೂ ಅದೇ ಆಟ. ಯಾವುದೋ ಮಗುವಿನ ಆಸ್ಪತ್ರೆಯ ಫೋಟೊ ಕದ್ದು, ಕೆಳಗೆ ತಮ್ಮ ಕ್ಯೂಆರ್ ಕೋಡ್ ಅಂಟಿಸಿ ವಾಟ್ಸ್‌ಆ್ಯಪ್‌ನಲ್ಲಿ ಹರಿಬಿಡುತ್ತಾರೆ. ಮೊದಲು ಸಿಕ್ಕಿಬೀಳುವುದು ಕರುಳಿದ್ದವರೇ. ವಿಚಾರಿಸದೆ ಫಾರ್ವರ್ಡ್ ಮಾಡುವ ನಮಗೂ ಆ ಪಾಪದಲ್ಲಿ ಪಾಲಿದೆ, ಬಿಡಿ.

ಹಣ ಕಳಿಸುವ ಮುನ್ನ ಪರದೆಯ ಮೇಲೆ ಬರುವ ಹೆಸರು ಓದಿ, ಆಸ್ಪತ್ರೆಗೇ ಫೋನ್ ಮಾಡಿ ಕೇಳಿ. ಮೋಸಹೋಗಿದ್ದರೆ ನಾಚಿಕೊಂಡು ಕೂರಬೇಡಿ. ಹೊತ್ತು ಕಳೆದಷ್ಟೂ ಹಣ ಖಾತೆಯಿಂದ ಖಾತೆಗೆ ಜಾರುತ್ತದೆ. ಕೂಡಲೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ.