ಜರಡಿ ಕಟ್ಟಿದರೆ ಪಂಪಿಗೆ ಪೆಟ್ಟು
(ಕುದೂರಿನ ರೈತರ ಕೂಟದಲ್ಲಿ ಮಾಡಿದ ಭಾಷಣ)



ನಾನು ವ್ಯವಸಾಯದ ಡಿಪ್ಲೊಮಾ ಓದಿದವನು, ವೈದ್ಯನಲ್ಲ. ರಾಗಿ, ಅವರೆಯ ಮಾತು ಬಿಟ್ಟು ಈ ದಿನ ಮೂತ್ರಪಿಂಡದ ಮಾತೆತ್ತಲು ಕಾರಣವುಂಟು. ಹೋದ ವರ್ಷ ನಮ್ಮ ದೊಡ್ಡಪ್ಪನವರು ಹೊಲದ ಬದುವಿನ ಮೇಲೆ ಎದೆ ಹಿಡಿದುಕೊಂಡು ಕುಳಿತವರು ಮತ್ತೆ ಏಳಲಿಲ್ಲ. ಅವರಿಗೆ ಬಹಳ ದಿನದಿಂದ ರಕ್ತದ ಒತ್ತಡವಿತ್ತು. ಮೂತ್ರ ನೊರೆ ನೊರೆಯಾಗಿ ಹೋಗುತ್ತಿತ್ತು. ಉಷ್ಣವೆಂದು ಎಳನೀರು ಕುಡಿಸಿದೆವು. ಮಂಡಿನೋವಿಗೆ ಅಂಗಡಿಯಿಂದ ಮಾತ್ರೆ ತಂದುಕೊಟ್ಟವನು ನಾನೇ. ಮೂತ್ರಪಿಂಡ ಸೋತಿದೆಯೆಂದು ವೈದ್ಯರು ಹೇಳಿದಾಗ, ಡಯಾಲಿಸಿಸ್ ಬೇಕಾದ ಕಾಲಕ್ಕೆ ನೋಡೋಣವೆಂದು ಸುಮ್ಮನಾದೆವು. ಆ ಕಾಲ ಬರುವ ಮೊದಲೇ ಗುಂಡಿಗೆ ನಿಂತಿತು.

ಇದು ನಮ್ಮ ಮನೆಯೊಂದರ ಕಥೆಯಲ್ಲ. ಮೂತ್ರಪಿಂಡದ ದೀರ್ಘರೋಗವುಳ್ಳವರಲ್ಲಿ ಡಯಾಲಿಸಿಸ್‌ವರೆಗೆ ಹೋಗುವವರಿಗಿಂತ ಅದಕ್ಕೆ ಮೊದಲೇ ತೀರಿಕೊಳ್ಳುವವರು ಹೆಚ್ಚು. ಅವರಲ್ಲಿ ಬಹಳ ಮಂದಿಯನ್ನು ಒಯ್ಯುವುದು ಹೃದಯದ ಬೇನೆ. ಮೂತ್ರಪಿಂಡ ಮುದುಡಿ ಸತ್ತವರ ಹೃದಯ ದಪ್ಪಗಾಗಿರುವುದನ್ನು ಲಂಡನ್ನಿನ ವೈದ್ಯ ರಿಚರ್ಡ್ ಬ್ರೈಟ್ 1836ರಲ್ಲಿಯೇ ಬರೆದಿಟ್ಟರು.

ಹನಿ ನೀರಾವರಿ ಹಾಕಿಸಿದವರಿಗೆ ಇದು ಬೇಗ ತಿಳಿಯುತ್ತದೆ. ಜರಡಿ ಕಟ್ಟಿಕೊಂಡರೆ ಹಿಂದಿನ ಕೊಳವೆಯಲ್ಲಿ ಒತ್ತಡ ಏರಿ ಪಂಪು ತಿಣುಕುತ್ತದೆ. ನಮ್ಮ ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ಸೋಸುವ ಜರಡಿ. ಅವು ಸೋತರೆ ಉಪ್ಪು, ನೀರು ಮೈಯಲ್ಲೇ ನಿಂತು ರಕ್ತದ ಒತ್ತಡ ಏರುತ್ತದೆ. ಹೃದಯ ದುಡಿದು ದುಡಿದು ದಪ್ಪಗಾಗುತ್ತದೆ. ಕೊಳವೆಬಾವಿಯ ನೀರಿನಿಂದ ಪೈಪಿನೊಳಗೆ ಸುಣ್ಣ ಕಟ್ಟುವುದಿಲ್ಲವೇ? ರಂಜಕ ಹೊರಹೋಗದೆ ಉಳಿದಾಗ ರಕ್ತನಾಳದ ಗೋಡೆಯಲ್ಲೂ ಹಾಗೆಯೇ ಸುಣ್ಣ ಕೂರುತ್ತದೆ. ರಕ್ತ ಹುಟ್ಟಿಸಲು ಬೇಕಾದ ರಸವನ್ನು ಮಾಡುವುದೂ ಮೂತ್ರಪಿಂಡವೇ. ಅದು ಕುಗ್ಗಿದರೆ ರಕ್ತಹೀನತೆ, ಆಗ ಹೃದಯಕ್ಕೆ ಇನ್ನಷ್ಟು ದುಡಿಮೆ. ಎಳನೀರಿನ ವಿಷಯ ನನಗೆ ತಿಳಿದದ್ದು ತಡವಾಗಿ. ನಾವು ತೆಂಗಿಗೆ ಹಾಕುವ ಪೊಟ್ಯಾಷ್ ಇದೆಯಲ್ಲ, ಅದೇ ಸತ್ವ ಎಳನೀರಿನಲ್ಲಿ ಬಹಳ. ಗಟ್ಟಿಮುಟ್ಟಾದವರಿಗೆ ಭಯವಿಲ್ಲ, ಮೂತ್ರಪಿಂಡ ಬಹಳ ಸೋತವರಿಗೆ ಅದು ಹೊರಹೋಗದೆ ಹೃದಯದ ಬಡಿತವನ್ನೇ ಕೆಡಿಸಬಹುದು.

ಕಷ್ಟವೆಂದರೆ, ಮೊದಮೊದಲು ನೋವೂ ಇಲ್ಲ, ಸುಸ್ತೂ ಇಲ್ಲ. ಆದ್ದರಿಂದ ಸಕ್ಕರೆ ಕಾಯಿಲೆ ಅಥವಾ ರಕ್ತದ ಒತ್ತಡ ಇರುವವರು ವರ್ಷಕ್ಕೊಮ್ಮೆಯಾದರೂ ರಕ್ತದಲ್ಲಿ ಕ್ರಿಯಾಟಿನಿನ್, ಮೂತ್ರದಲ್ಲಿ ಆಲ್ಬುಮಿನ್ ಪರೀಕ್ಷೆ ಮಾಡಿಸಬೇಕು. ದೋಷ ಕಂಡರೆ ವೈದ್ಯರು ಮತ್ತೊಮ್ಮೆ ನೋಡುತ್ತಾರೆ. 3 ತಿಂಗಳು ಮೀರಿಯೂ ಉಳಿದರೆ ಅದು ದೀರ್ಘರೋಗ. ಆಗ ಹೃದಯದ ರಕ್ಷಣೆಗೂ ಏನು ಮಾಡಬೇಕೆಂದು ಕೇಳಿ. ಒತ್ತಡದ ಮಾತ್ರೆಯನ್ನು ಹಾಯೆನಿಸಿತೆಂದು ಬಿಡಬೇಡಿ. ನೋವಿನ ಮಾತ್ರೆಯನ್ನು ವೈದ್ಯರನ್ನು ಕೇಳದೆ ನುಂಗಬೇಡಿ. ಉಪ್ಪು ದಿನಕ್ಕೆ 5 ಗ್ರಾಮಿನೊಳಗಿರಲಿ, ಅಂದರೆ ಒಂದು ಸಣ್ಣ ಚಮಚ. ಉಪ್ಪಿನಕಾಯಿ, ಹಪ್ಪಳದ್ದೂ ಅದರಲ್ಲೇ ಸೇರಿತು. ಬೀಡಿಯ ವಿಷಯ ಹೇಳಿದರೆ ಹಿಂದಿನ ಸಾಲಿನವರು ಎದ್ದುಹೋದಾರು, ಆದರೂ ಹೇಳಿದ್ದೇನೆ.

ಪರೀಕ್ಷೆಗೆ ಬರುವವರು ಕೂಟ ಮುಗಿದೊಡನೆ ಹೆಸರು ಕೊಡಿ, ಆರೋಗ್ಯ ಕೇಂದ್ರಕ್ಕೆ ಜೊತೆಯಲ್ಲೇ ಹೋಗೋಣ. ಪಟ್ಟಿಯಲ್ಲಿ ಮೊದಲು ನಮ್ಮ ದೊಡ್ಡಮ್ಮನವರ ಹೆಸರು ಬರೆದಿದ್ದೇನೆ.